ಮೈನಸ್ 196 ಡಿಗ್ರಿಯಲ್ಲಿ ನನ್ನ ಮೊದಲ ಕೆಲಸ

‘ಕಿಟಕಿ, ಬಾಗಿಲು ಮುಚ್ಚಿದ ಕತ್ತಲೆ ಕೋಣೆ. ದೀಪವಿಲ್ಲ, ಮೊಬೈಲ್ ಇಲ್ಲ. ಒಳಗೆ ನೀವೊಬ್ಬರೇ ಇದ್ದೀರಿ. ಅಲ್ಲಿ ಬೆಳಗುತ್ತಿರುವುದು ಏನು?’

ಸಂದರ್ಶನದಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಥರ್ಮೊಡೈನಮಿಕ್ಸ್ ನಿಯಮ ಕೇಳಬಹುದು, ಬೆಂಡಿಂಗ್ ಮೊಮೆಂಟ್ ಕೇಳಬಹುದು ಎಂದು ರಾತ್ರಿಯಿಡೀ ಉರು ಹೊಡೆದು ಹೋಗಿದ್ದೆ. ‘ಏನೂ ಇಲ್ಲ’ ಎಂದುಬಿಟ್ಟೆ. ಮೇಜಿನಾಚೆ ಕುಳಿತಿದ್ದ ಮೇಡಂ ನಕ್ಕರು. ‘ನೀವೇ ಬೆಳಗುತ್ತಿದ್ದೀರಿ. ಗೋಡೆಯೂ ಬೆಳಗುತ್ತಿದೆ, ಕುರ್ಚಿಯೂ ಬೆಳಗುತ್ತಿದೆ. ಆ ಬೆಳಕನ್ನು ನೋಡುವ ಕಣ್ಣು ನಮಗಿಲ್ಲ, ಅಷ್ಟೇ. ಅಂಥ ಕಣ್ಣು ಮಾಡುವುದೇ ಇಲ್ಲಿನ ಕೆಲಸ’ ಎಂದರು.

ಉತ್ತರ ತಪ್ಪಿದರೂ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಒಂದು ವರ್ಷದ ತಾತ್ಕಾಲಿಕ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ. ಸಂಬಳ ನನ್ನ ಗೆಳತಿಯರ ಐಟಿ ಸಂಬಳದ ಅರ್ಧದಷ್ಟು. ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ ಸೇರಿ, ಪದವಿ ಕೈಗೆ ಬಂದ ಮೇಲೆ ಎರಡು ವರ್ಷ ಖಾಲಿ ಕುಳಿತಿದ್ದ ನನಗೆ ಅದೇ ದೊಡ್ಡದು. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪನದು ಕೊಬ್ಬರಿ ವ್ಯಾಪಾರ. ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: ‘ನಕ್ಷತ್ರ ನೋಡೋ ಕೆಲ್ಸಕ್ಕೆ ಮೆಕ್ಯಾನಿಕಲ್ ಓದಿದೋರು ಯಾಕ್ ಬೇಕವ್ವ?’

ನನಗೂ ಆಗ ಗೊತ್ತಿರಲಿಲ್ಲ.

ಧೂಳಿನಾಚೆಯ ಬೆಳಕು

1800ರಲ್ಲಿ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರ್ ಕೂಡ ಏರಿತು. ಅದೇ ಇನ್‌ಫ್ರಾರೆಡ್. ಶಾಲೆಯ ಪುಸ್ತಕದಲ್ಲಿ ನಾವು ಓದಿದ ಅವಕೆಂಪು ಕಿರಣ.

ಖಗೋಳ ವಿಜ್ಞಾನಿಗಳಿಗೆ ಇದು ಏಕೆ ಬೇಕು? ಆಕಾಶದಲ್ಲಿ ಧೂಳಿದೆ. ನಮ್ಮ ಕ್ಷೀರಪಥದ ನಡುಭಾಗದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಸುಮಾರು ಒಂದು ಪಾಲು ಮಾತ್ರ ಧೂಳನ್ನು ದಾಟಿ ನಮ್ಮನ್ನು ತಲುಪುತ್ತದೆ. ಅದೇ 2.2 ಮೈಕ್ರಾನ್ ತರಂಗಾಂತರದ ಅವಕೆಂಪು ಬೆಳಕಾದರೆ ಹತ್ತರಲ್ಲಿ ಒಂದು ಪಾಲಿನಷ್ಟು ದಾಟಿ ಬರುತ್ತದೆ. ಆ ಕಿಂಡಿಯಿಂದಲೇ ಎರಡು ತಂಡಗಳು ವರ್ಷಾನುಗಟ್ಟಲೆ ಅಲ್ಲಿನ ನಕ್ಷತ್ರಗಳ ಓಟವನ್ನು ಹಿಂಬಾಲಿಸಿದವು. ನಟ್ಟನಡುವೆ ಭಾರೀ ತೂಕದ, ಕಣ್ಣಿಗೆ ಕಾಣದ ಕಾಯವೊಂದು ಕುಳಿತಿದೆ ಎಂದು ತೋರಿಸಿದ್ದಕ್ಕೆ ರೈನ್‌ಹಾರ್ಡ್ ಗೆನ್ಜೆಲ್ ಮತ್ತು ಆ್ಯಂಡ್ರಿಯಾ ಗೆಜ್ ಅವರಿಗೆ 2020ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತಿರುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ! ಮುಂಬೈನ ಟಿಐಎಫ್‌ಆರ್ ರೂಪಿಸಿದ ‘ಟರ್‌ಸ್ಪೆಕ್’ ಎಂಬ ಅವಕೆಂಪು ಸ್ಪೆಕ್ಟ್ರೋಗ್ರಾಫ್ 2013ರಲ್ಲಿ ಆ ದೂರದರ್ಶಕಕ್ಕೆ ಸೇರಿತು. ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ದೂರದರ್ಶಕದಲ್ಲಿ ‘ಟ್ಯಾನ್‌ಸ್ಪೆಕ್’ ಇದೆ.

ಸ್ಪೆಕ್ಟ್ರೋಗ್ರಾಫ್ ಎಂದರೆ ಹರ್ಷಲ್ ಅವರ ಪಟ್ಟಕದ ಮೊಮ್ಮಗ. ನಕ್ಷತ್ರದ ಬೆಳಕು ಒಂದು ಸಣ್ಣ ಸೀಳಿನಿಂದ ಒಳಬರುತ್ತದೆ. ಲೆನ್ಸು, ಕನ್ನಡಿಗಳು ಅದನ್ನು ಸಮಾಂತರಗೊಳಿಸುತ್ತವೆ. ಗ್ರೇಟಿಂಗ್ ಅದನ್ನು ತರಂಗಾಂತರಗಳಾಗಿ ಹರಡುತ್ತದೆ. ಕೊನೆಗೆ ಡಿಟೆಕ್ಟರ್ ಮೇಲೆ ಒಂದು ಪಟ್ಟಿ ಮೂಡುತ್ತದೆ. ಆ ಪಟ್ಟಿಯ ಗೆರೆಗಳನ್ನು ಓದಿ ನಕ್ಷತ್ರದಲ್ಲಿ ಏನೇನಿದೆ, ಅದು ಎಷ್ಟು ಬಿಸಿ, ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಎಂದು ಹೇಳುತ್ತಾರೆ. ನಮ್ಮ ಮೊಬೈಲ್ ಕ್ಯಾಮೆರಾದ ಸಿಲಿಕಾನ್‌ಗೆ ಸುಮಾರು 1.1 ಮೈಕ್ರಾನ್‌ನ ಆಚೆ ಕಣ್ಣು ಕುರುಡು. ಅದಕ್ಕೇ ಇಲ್ಲಿ ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಸೇರಿಸಿ ಮಾಡಿದ ಡಿಟೆಕ್ಟರ್ ಬೇಕು.

ಚಹಾ ಫ್ಲಾಸ್ಕ್, ಆದರೆ ಉಲ್ಟಾ

ಕಷ್ಟ ಇರುವುದು ಇಲ್ಲೇ. ಕೋಣೆಯ ಉಷ್ಣಾಂಶದಲ್ಲಿರುವ ಪ್ರತಿ ವಸ್ತುವೂ ಅವಕೆಂಪಿನಲ್ಲಿ ಬೆಳಗುತ್ತದೆ. ಅದರ ಹೊಳಪು ಜೋರಾಗಿರುವುದು 10 ಮೈಕ್ರಾನ್ ಸುಮಾರಿನಲ್ಲಾದರೂ ಬಾಲ 2 ಮೈಕ್ರಾನ್‌ವರೆಗೂ ಚಾಚಿರುತ್ತದೆ. ದೂರದ ನಕ್ಷತ್ರದಿಂದ ಬರುವ ಫೋಟಾನ್‌ಗಳು ಬೆರಳೆಣಿಕೆಯಷ್ಟು. ಅವನ್ನು ಹಿಡಿಯಲು ಹೊರಟ ಪೆಟ್ಟಿಗೆಯ ಗೋಡೆಯೇ ಬೆಳಗುತ್ತಿದ್ದರೆ? ಹಗಲಿನಲ್ಲಿ ಮಿಂಚುಹುಳ ಹುಡುಕಿದಂತೆ.

ಹಾಗಾಗಿ ಪೆಟ್ಟಿಗೆಯ ಒಳಗಿರುವ ಸೀಳು, ಲೆನ್ಸು, ಗ್ರೇಟಿಂಗ್, ಎಲ್ಲವನ್ನೂ ತಣ್ಣಗೆ ಮಾಡಬೇಕು. ಎಷ್ಟು ತಣ್ಣಗೆ? ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. 300 ಕೆಲ್ವಿನ್‌ನ ಗೋಡೆಯನ್ನು ಅಲ್ಲಿಗೆ ಇಳಿಸಿದರೆ 2.2 ಮೈಕ್ರಾನ್‌ನಲ್ಲಿ ಅದರ ಹೊಳಪು ಒಂದರ ಮುಂದೆ 27 ಸೊನ್ನೆ ಬರೆದಷ್ಟು ಪಟ್ಟು ಕುಸಿಯುತ್ತದೆ. ಮೊದಲ ವಾರ ಈ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿದಾಗ ತಪ್ಪಿದೆ ಅಂದುಕೊಂಡು ಮೂರು ಸಲ ಮಾಡಿದೆ. ತಪ್ಪಿರಲಿಲ್ಲ.

ತಣ್ಣಗೆ ಮಾಡುವುದಕ್ಕಿಂತ ತಣ್ಣಗೇ ಉಳಿಸುವುದು ಕಷ್ಟ. 1892ರಲ್ಲಿ ಜೇಮ್ಸ್ ಡ್ಯೂವರ್ ಎರಡು ಗೋಡೆಗಳ ನಡುವೆ ನಿರ್ವಾತ ಇರುವ ಪಾತ್ರೆ ಮಾಡಿದರು. ನಮ್ಮ ಮನೆಯ ಚಹಾ ಫ್ಲಾಸ್ಕ್ ಅದರದೇ ಸಂತಾನ. ನಮ್ಮ ಪೆಟ್ಟಿಗೆಗೂ ಲ್ಯಾಬಿನಲ್ಲಿ ‘ಡ್ಯೂವರ್’ ಎಂದೇ ಹೆಸರು. ಫ್ಲಾಸ್ಕ್ ಶಾಖ ಹೊರಹೋಗದಂತೆ ಕಾಯುತ್ತದೆ, ಇದು ಶಾಖ ಒಳಬರದಂತೆ ಕಾಯುತ್ತದೆ. ಮೆಕ್ಯಾನಿಕಲ್ ಓದಿದವರ ಕೆಲಸ ಶುರುವಾಗುವುದೇ ಇಲ್ಲಿಂದ.

ಶಾಖ ಕಳ್ಳನಂತೆ. ಸಿಕ್ಕ ದಾರಿಯಲ್ಲೆಲ್ಲ ನುಗ್ಗುತ್ತದೆ. ಒಳಗೆ ಗಾಳಿಯಿದ್ದರೆ ಅದರ ಮೂಲಕ ಬರುತ್ತದೆ, ಅದಕ್ಕೆ ನಿರ್ವಾತ ಬೇಕು. ಒಳಗಿನ ತಣ್ಣನೆಯ ಬೆಂಚನ್ನು ಹಿಡಿದು ನಿಲ್ಲಿಸುವ ಕಾಲುಗಳ ಮೂಲಕ ಬರುತ್ತದೆ, ಅದಕ್ಕೆ ಶಾಖ ಸಾಗಿಸದ ಫೈಬರ್‌ಗ್ಲಾಸ್ ಪಟ್ಟಿಗಳು. ಆ ಪಟ್ಟಿಗಳು ತೆಳುವಾಗಿರಬೇಕು, ಆದರೆ ಬಗ್ಗಬಾರದು. ದೂರದರ್ಶಕ ಆಕಾಶದಲ್ಲಿ ತಿರುಗಿದಂತೆ ಅದಕ್ಕೆ ಕಟ್ಟಿದ ಪೆಟ್ಟಿಗೆಯೂ ವಾಲುತ್ತದೆ. ಒಳಗಿನದು ಕೂದಲೆಳೆಯ ಕಾಲು ಭಾಗದಷ್ಟು ಜರುಗಿದರೂ ರೋಹಿತ ಒಂದು ಪಿಕ್ಸೆಲ್ ಪಕ್ಕಕ್ಕೆ ಹೋಯಿತೆಂದೇ ಅರ್ಥ. ಇನ್ನು ತಾಮ್ರದ ತಂತಿಯೂ ಶಾಖ ಹೊತ್ತು ತರುತ್ತದೆ. ಅದಕ್ಕೆ ಕೂದಲಿನಂಥ ಬೇರೆ ಲೋಹದ ತಂತಿಗಳು.

ಕೊನೆಯದು ವಿಕಿರಣ. 300 ಕೆಲ್ವಿನ್‌ನ ಒಂದು ಚದರ ಮೀಟರ್ ಕಪ್ಪು ಗೋಡೆ ಸುಮಾರು 460 ವಾಟ್ ಸುರಿಸುತ್ತದೆ. ಅದನ್ನು ತಡೆಯಲು ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಪದರಪದರವಾಗಿ ಸುತ್ತುತ್ತೇವೆ. ಚಿಪ್ಸ್ ಪೊಟ್ಟಣದ ಒಳಮೈ ಹೊಳೆಯುತ್ತದಲ್ಲ, ನೋಡಲು ಹಾಗೇ.

ಮೇಡಂ ನನಗೆ ಮೊದಲು ಕಲಿಸಿದ ಲೆಕ್ಕ ಒಂದು ಲೀಟರಿನದು. ಒಂದು ವಾಟ್ ಶಾಖ ಒಳನುಸುಳಿದರೆ ದಿನಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ದ್ರವ ಸಾರಜನಕ ಆವಿಯಾಗುತ್ತದೆ. ಹತ್ತು ವಾಟ್ ಆದರೆ ಐದೂವರೆ ಲೀಟರ್. ‘ನೀನು ಇಲ್ಲಿ ಕಂಪ್ಯೂಟರಿನಲ್ಲಿ ಒಂದು ಕಾಲನ್ನು ದಪ್ಪ ಮಾಡ್ತೀಯ. ಚಳಿಗಾಲದ ರಾತ್ರಿ, ಮೈನಸ್ 20 ಡಿಗ್ರಿಯಲ್ಲಿ, ಉಸಿರು ಸಿಗದ ಎತ್ತರದಲ್ಲಿ ಯಾರೋ ಒಬ್ಬರು ಇನ್ನೊಂದು ಸಲ ಕ್ಯಾನ್ ಎತ್ತಬೇಕಾಗತ್ತೆ. ಡ್ರಾಯಿಂಗ್ ಮಾಡುವಾಗ ಅವರು ನೆನಪಿರಲಿ’ ಎಂದಿದ್ದರು.

ನಿರ್ವಾತದ ಪಾಠ ಕಲಿಸಿದವರು ವರ್ಕ್‌ಶಾಪಿನ ಹಿರಿಯ ಟರ್ನರ್. ತೂತಿನ ತಳದಲ್ಲಿ ಸ್ಕ್ರೂ ಕೆಳಗೆ ಸಿಕ್ಕಿಕೊಂಡ ಚೂರು ಗಾಳಿ ದಿನಗಟ್ಟಲೆ ಸೋರುತ್ತಲೇ ಇರುತ್ತದೆ. ಹೊರಗಿನಿಂದ ಎಷ್ಟು ಹುಡುಕಿದರೂ ಸೋರಿಕೆ ಸಿಗುವುದಿಲ್ಲ. ಅದಕ್ಕೆ ಸ್ಕ್ರೂಗಳ ನಡುವೆಯೇ ಉದ್ದಕ್ಕೆ ಸಣ್ಣ ತೂತು ಕೊರೆಯಬೇಕು. ಒಂದು ಬೆರಳಚ್ಚಿನ ಜಿಡ್ಡೂ ನಿರ್ವಾತ ಕೆಡಿಸುತ್ತದೆ. ಹೀಗೆಲ್ಲ ಕಾದರೂ ಉಳಿಯುವ ಅನಿಲವನ್ನು ಹೀರಿಕೊಳ್ಳಲು ತಣ್ಣನೆಯ ತಟ್ಟೆಯ ಮೇಲೆ ಒಂದು ಹಿಡಿ ಸಕ್ರಿಯ ಇದ್ದಿಲು ಇಡುತ್ತಾರೆ. ಅದು ತೆಂಗಿನ ಚಿಪ್ಪಿನ ಇದ್ದಿಲು ಎಂದು ಗೊತ್ತಾದ ದಿನ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ನನ್ನ ಕೆಲಸದಲ್ಲಿ ಪೂರ್ತಿ ಅರ್ಥವಾದ ಮೊದಲ ವಿಷಯ ಅದು. ‘ಹಂಗಾದ್ರೆ ಚಿಪ್ಪಿಗೂ ಆಕಾಶದಲ್ಲಿ ಬೆಲೆ ಐತೆ ಅನ್ನು’ ಎಂದರು.

0.1 ಮಿಲಿಮೀಟರ್

ಈಗ ನನ್ನ ತಪ್ಪಿನ ವಿಷಯ.

ತಣ್ಣಗಾದರೆ ಎಲ್ಲವೂ ಕುಗ್ಗುತ್ತದೆ, ಆದರೆ ಎಲ್ಲವೂ ಒಂದೇ ಸಮ ಕುಗ್ಗುವುದಿಲ್ಲ. ಕೋಣೆಯ ಉಷ್ಣಾಂಶದಿಂದ 77 ಕೆಲ್ವಿನ್‌ಗೆ ಇಳಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 4 ಮಿಲಿಮೀಟರ್ ಕುಗ್ಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡ್ ಎಂಬ ಹರಳು ಸುಮಾರು 3 ಮಿಲಿಮೀಟರ್. ಫ್ಯೂಸ್ಡ್ ಸಿಲಿಕಾ ಎಂಬ ಗಾಜು ಕುಗ್ಗುವುದೇ ಇಲ್ಲ ಎನ್ನಬಹುದು. ನಮ್ಮ ಕ್ಯಾಮೆರಾ ಭಾಗದಲ್ಲಿ ಎರಡು ಲೆನ್ಸ್ ಇದ್ದವು. ಒಂದು ಕ್ಯಾಲ್ಸಿಯಂ ಫ್ಲೋರೈಡಿನದು, ಇನ್ನೊಂದು ಸಿಲಿಕಾದ್ದು. ಎರಡರ ವ್ಯಾಸವೂ 50 ಮಿಲಿಮೀಟರ್. ಅವನ್ನು ಹಿಡಿಯುವ ಅಲ್ಯೂಮಿನಿಯಂ ಬಳೆಗಳ ವಿನ್ಯಾಸ ನನ್ನದು. ಬಳೆಯ ಒಳಗೆ ಮೂರು ಪುಟ್ಟ ಉಬ್ಬುಗಳು, ಅವುಗಳ ನಡುವೆ ಲೆನ್ಸ್ ಕೂರಬೇಕು.

ಮೊದಲ ಬಳೆಗೆ ಸರಿಯಾಗಿ ಲೆಕ್ಕ ಹಾಕಿದ್ದೆ. 0.1 ಮಿಲಿಮೀಟರ್ ಸಡಿಲ ಬಿಟ್ಟಿದ್ದೆ. ತಣ್ಣಗಾದಾಗ ಬಳೆ 0.2, ಲೆನ್ಸ್ 0.15 ಕುಗ್ಗುತ್ತದೆ. ಅರ್ಧ ಸಡಿಲ ಹೋಗಿ ಅರ್ಧ ಉಳಿಯುತ್ತದೆ. ಎರಡನೇ ಲೆನ್ಸಿನ ವ್ಯಾಸವೂ ಅಷ್ಟೇ ಇತ್ತಲ್ಲ. ಕಾಪಿ, ಪೇಸ್ಟ್. ಹೆಸರು ಬದಲಿಸಿ ಡ್ರಾಯಿಂಗ್ ಕಳಿಸಿದೆ. ಪರಿಶೀಲನೆ ಆಯಿತು, ಮೂರು ಸಹಿ ಬಿದ್ದವು. ವರ್ಕ್‌ಶಾಪಿನಲ್ಲಿ ಬಳೆ ತಯಾರಾಯಿತು, ಜೊತೆಗೊಂದು ಹೆಚ್ಚುವರಿ ಬಳೆ ಕೂಡ. ಏಳು ತಿಂಗಳು ಕಾದು ವಿದೇಶದಿಂದ ತರಿಸಿದ ಲೆನ್ಸ್ ಬಂದಿತ್ತು. ಮರುದಿನ ಅದನ್ನು ಕೂರಿಸಬೇಕು.

ಆ ರಾತ್ರಿ ಪಿ.ಜಿ.ಯ ಕೋಣೆಯಲ್ಲಿ ಕುಳಿತು ವರ್ಷದ ವರದಿಗೆ ಒಂದು ಕೋಷ್ಟಕ ತುಂಬುತ್ತಿದ್ದೆ. ಯಾವ ವಸ್ತು ಎಷ್ಟು ಕುಗ್ಗುತ್ತದೆ ಎಂಬ ಪಟ್ಟಿ. ಸಿಲಿಕಾದ ಮುಂದೆ ಸೊನ್ನೆ ಬರೆದವಳು ಹಾಗೇ ನಿಂತೆ. ಬಳೆ 0.2 ಕುಗ್ಗುತ್ತದೆ, ಲೆನ್ಸ್ ಕುಗ್ಗುವುದಿಲ್ಲ. ಸಡಿಲ ಇರುವುದು 0.1. ಉಳಿದ 0.1 ಎಲ್ಲಿಗೆ ಹೋಗಬೇಕು? ಮೂರು ಉಬ್ಬುಗಳು ಲೆನ್ಸಿನ ಕತ್ತು ಹಿಸುಕುತ್ತವೆ.

ಅದು ನನ್ನ ಹತ್ತನೇ ತಿಂಗಳು. ಹುದ್ದೆ ಮುಂದುವರಿಸುವ ಬಗ್ಗೆ ಮುಂದಿನ ತಿಂಗಳು ತೀರ್ಮಾನವಾಗಬೇಕಿತ್ತು. ಮನೆಯಲ್ಲಿ ‘ಬ್ಯಾಂಕ್ ಪರೀಕ್ಷೆಗಾದ್ರೂ ಕಟ್ಟವ್ವ’ ಎಂದು ಅಮ್ಮ ವಾರಕ್ಕೊಮ್ಮೆ ನೆನಪಿಸುತ್ತಿದ್ದರು. ಸುಳ್ಳು ಹೇಳುವುದಿಲ್ಲ, ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಸಹಿ ಹಾಕಿದ ಮೂವರಿಗೂ ಕಂಡಿಲ್ಲ. ಲೆನ್ಸ್ ಒಡೆಯದೆಯೂ ಇರಬಹುದು. ಒಡೆದರೂ ಬೇಗ ತಂಪು ಮಾಡಿದ್ದಕ್ಕೆ ಒಡೆಯಿತು ಎಂದುಕೊಳ್ಳಬಹುದು. ಹೀಗೆಲ್ಲ ಯೋಚಿಸಿದೆ. ಆಮೇಲೆ ಹನ್ನೊಂದೂವರೆಗೆ ಫೋನ್ ಮಾಡಿದೆ.

‘ಮೇಡಂ, ನಾಳೆ ಲೆನ್ಸ್ ಕೂರಿಸೋದು ಬೇಡ.’

‘ಯಾಕಮ್ಮ, ಏನಾಯ್ತು?’

‘ಎರಡನೇ ಬಳೆಯ ಅಳತೆ ತಪ್ಪಿದೆ. ನಾನೇ ತಪ್ಪು ಮಾಡಿದ್ದೀನಿ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಡ್ರಾಯಿಂಗ್ ಮೇಲೆ ನನ್ನ ಸಹಿನೂ ಇದೆಯಲ್ಲ. ಬೆಳಿಗ್ಗೆ ಎಂಟಕ್ಕೆ ಬಾ’ ಎಂದರು.

ಬೆಳಿಗ್ಗೆ ಬೈಗುಳ ಸಿಗಲಿಲ್ಲ, ಸಮಾಧಾನವೂ ಸಿಗಲಿಲ್ಲ. ‘ಲೆಕ್ಕ ಸರಿಯೋ ಅಂತ ನೋಡೋಣ’ ಎಂದರು. ಹೆಚ್ಚುವರಿ ಬಳೆಯಲ್ಲಿ ಅಷ್ಟೇ ಅಳತೆಯ ಒಂದು ಅಗ್ಗದ ಸಿಲಿಕಾ ಬಿಲ್ಲೆ ಕೂರಿಸಿ, ಪಾತ್ರೆಯೊಂದರಲ್ಲಿ ನಿಧಾನವಾಗಿ ತಂಪು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ‘ಟಿಕ್’ ಎಂಬ ಸಣ್ಣ ಸದ್ದು. ಬಿಸಿಗೆ ಬಂದ ಮೇಲೆ ತೆಗೆದು ನೋಡಿದರೆ ಒಂದು ಉಬ್ಬು ತಾಗಿದ ಕಡೆ ಅಂಚಿನಿಂದ ಉಗುರಿನಷ್ಟು ಚೂರು ಎದ್ದಿತ್ತು. ಅದು ಅಸಲಿ ಲೆನ್ಸ್ ಆಗಿದ್ದರೆ ಎಂದು ನೆನೆಸಿಕೊಂಡು ನನ್ನ ಕೈ ತಣ್ಣಗಾಯಿತು. ಆ ಚೂರು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಬಳೆಯನ್ನು ವರ್ಕ್‌ಶಾಪಿಗೆ ಒಯ್ದೆ. ಟರ್ನರ್ ಅಳತೆ ನೋಡಿ, ‘ತೆಗೆಯೋದು ಸುಲಭ ಕಣಮ್ಮ. ಸೇರಿಸು ಅಂದಿದ್ರೆ ಕಷ್ಟ ಇತ್ತು’ ಎಂದರು. ಉಬ್ಬುಗಳನ್ನು ಕೆತ್ತಿ ತಗ್ಗಿಸಿ, ಪ್ರತಿಯೊಂದರ ಮೇಲೂ ತೆಳು ಸ್ಪ್ರಿಂಗ್ ಪಟ್ಟಿ ಕೂರಿಸಿದೆವು. ಬಳೆ ಎಷ್ಟೇ ಕುಗ್ಗಲಿ, ಪಟ್ಟಿಗಳು ಬಗ್ಗುತ್ತವೆ, ಲೆನ್ಸ್ ನಡುವಿನಲ್ಲೇ ಉಳಿಯುತ್ತದೆ. ಕೆಲಸ ಎರಡು ವಾರ ತಡವಾಯಿತು. ಲಾಗ್ ಪುಸ್ತಕದಲ್ಲಿ ತಪ್ಪು ಏನು, ಯಾರದು, ಯಾರು ಕಂಡುಹಿಡಿದರು ಎಂದು ಬರೆಯುವ ಅಂಕಣವಿದೆ. ಕೊನೆಯ ಎರಡು ಕಡೆಯೂ ನನ್ನದೇ ಹೆಸರು ಬರೆದೆ.

ಹುದ್ದೆ ಆರು ತಿಂಗಳಿಗೆ ಮುಂದುವರಿಯಿತು. ತಪ್ಪು ಒಪ್ಪಿಕೊಂಡಿದ್ದಕ್ಕೆ ಸಿಕ್ಕ ಬಹುಮಾನ ಎಂದು ನಾನು ಹೇಳಲಾರೆ. ಕೆಲಸ ಬಾಕಿ ಇತ್ತು, ಅದಕ್ಕೆ ಮುಂದುವರಿಸಿದರು. ಅದರ ನಂತರವೂ ಇದು ತಾತ್ಕಾಲಿಕವೇ. ಈಗಲೂ ಬೇರೆ ಅರ್ಜಿಗಳನ್ನು ತುಂಬುತ್ತಲೇ ಇದ್ದೇನೆ.

ನಿಮಗೂ ದಾರಿಯಿದೆ

ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿ ‘ಕೋರ್ ಕೆಲಸ ಎಲ್ಲಿದೆ’ ಎಂದು ಕೇಳುವ ಗೆಳೆಯರಿಗೆ ಇಷ್ಟು ಹೇಳಬಲ್ಲೆ. ದೂರದರ್ಶಕ ಕಟ್ಟಲು ಖಗೋಳ ವಿಜ್ಞಾನಿಗಳು ಮಾತ್ರ ಸಾಲದು. ಬೆಂಗಳೂರಿನ ಖಭೌತವಿಜ್ಞಾನ ಸಂಸ್ಥೆ, ನೈನಿತಾಲಿನ ಏರೀಸ್, ಮುಂಬೈನ ಟಿಐಎಫ್‌ಆರ್, ಪುಣೆಯ ಅಯೂಕಾ, ಅಹಮದಾಬಾದಿನ ಪಿಆರ್‌ಎಲ್‌ನಂಥ ಸಂಸ್ಥೆಗಳ ಜಾಲತಾಣಗಳಲ್ಲಿ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ಬರುತ್ತಿರುತ್ತದೆ. ಆಗಾಗ ನೋಡುತ್ತಿರಿ. ಕ್ಯಾಡ್ ಸಾಫ್ಟ್‌ವೇರ್ ಎಲ್ಲರಿಗೂ ಬರುತ್ತದೆ. ಅದರ ಜೊತೆಗೆ ಟಾಲರೆನ್ಸ್ ಹಾಕುವುದನ್ನು ಚೆನ್ನಾಗಿ ಕಲಿಯಿರಿ. ಒಂದು ಹಾಳೆ, ಒಂದು ಪೆನ್ನಿನಲ್ಲಿ ಶಾಖದ ಲೆಕ್ಕ ಹಾಕುವುದನ್ನು ಕಲಿಯಿರಿ. ಲೇತ್ ಮುಂದೆ ನಿಂತವರ ಮಾತು ಕೇಳಿ. ಮತ್ತು ಕಾಪಿ, ಪೇಸ್ಟ್ ಮಾಡುವ ಮುನ್ನ ಒಮ್ಮೆ ನನ್ನನ್ನು ನೆನೆಸಿಕೊಳ್ಳಿ.

ಕಪ್ಪು ಚಿತ್ರ

ಕಳೆದ ತಿಂಗಳು ಪೂರ್ತಿ ಜೋಡಿಸಿದ ಪೆಟ್ಟಿಗೆಯನ್ನು ಮೊದಲ ಸಲ ತಂಪು ಮಾಡಿದೆವು. ಒಳಗೆ ಇದ್ದದ್ದು ಪರೀಕ್ಷೆಗೆಂದೇ ಮೀಸಲಿಟ್ಟ ಡಿಟೆಕ್ಟರ್. ಅವಸರ ಮಾಡುವಂತಿಲ್ಲ, ಮೂವತ್ತು ಗಂಟೆ ಬೇಕಾಯಿತು. ರಾತ್ರಿ ಪಾಳಿ ನನ್ನದು. ಅರ್ಧ ಗಂಟೆಗೊಮ್ಮೆ ಉಷ್ಣಾಂಶ ಬರೆದುಕೊಳ್ಳುತ್ತ, ಪ್ರತಿ ಸಣ್ಣ ಸದ್ದಿಗೂ ಬೆಚ್ಚುತ್ತ ಕುಳಿತಿದ್ದೆ. ‘ಟಿಕ್’ ಎನ್ನಲಿಲ್ಲ.

ಮರುದಿನ ಆರ್ಗಾನ್ ದೀಪ ಹಚ್ಚಿದಾಗ ಪರದೆಯ ಮೇಲೆ ಚೂಪಾದ ಗೆರೆಗಳು ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಮೇಡಂ ಕಾಯುತ್ತಿದ್ದದ್ದು ಅದಕ್ಕಲ್ಲ. ‘ದೀಪ ಆರಿಸಿ, ಕಿಂಡಿ ಮುಚ್ಚಿ. ಈಗ ಚಿತ್ರ ತೆಗೆಯಿರಿ’ ಎಂದರು. ಹತ್ತು ನಿಮಿಷದ ಎಕ್ಸ್‌ಪೋಷರ್. ಪರದೆಯ ಮೇಲೆ ಬಂದದ್ದು, ಅಲ್ಲಲ್ಲಿ ಕೆಟ್ಟ ಪಿಕ್ಸೆಲ್‌ಗಳ ಚುಕ್ಕಿ ಬಿಟ್ಟರೆ, ಒಂದು ಕಪ್ಪು ಚೌಕ. ಗೋಡೆ ಬೆಳಗಿರಲಿಲ್ಲ, ಬಳೆ ಬೆಳಗಿರಲಿಲ್ಲ, ಲೆನ್ಸ್ ಬೆಳಗಿರಲಿಲ್ಲ. ಅವರು ನನ್ನ ಕಡೆ ತಿರುಗಿ, ‘ಈಗ ಹೇಳು, ಕತ್ತಲೆ ಕೋಣೆಯಲ್ಲಿ ಬೆಳಗ್ತಿರೋದು ಏನು?’ ಎಂದು ಕೇಳಿದರು.

‘ಏನೂ ಇಲ್ಲ’ ಎಂದೆ. ಅದೇ ಉತ್ತರ, ಈ ಸಲ ಸರಿಯಾಗಿತ್ತು.

ಅನುಮತಿ ಕೇಳಿ ಆ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಎರಡು ನಿಮಿಷಕ್ಕೆ ಫೋನ್ ಬಂತು.

‘ಇದೇನವ್ವ, ಏನೂ ಕಾಣ್ತಾನೇ ಇಲ್ವಲ್ಲ?’

‘ಒಂದು ವರ್ಷದಿಂದ ಅದಕ್ಕೇ ಕಣಪ್ಪ ಒದ್ದಾಡಿದ್ದು’ ಎಂದೆ.